ಗೂಢಲಿಪಿಯ ಗಣಿತಜ್ಞ ಅಲನ್ ಟ್ಯೂರಿಂಗ್

ಅಲನ್ ಮ್ಯಾಥಿಸನ್ ಟ್ಯೂರಿಂಗ್ ಅವರು ಜನಿಸಿದುದು 1912ರ ಜೂನ್ 23ರಂದು, ಲಂಡನ್ನಿನಲ್ಲಿ. ಆದರೆ ಆ ಮನೆತನದ ಅನ್ನದ ಋಣ ದಕ್ಷಿಣ ಭಾರತದ್ದು. ತಂದೆ ಜೂಲಿಯಸ್ ಟ್ಯೂರಿಂಗ್ ಮದರಾಸು ಪ್ರಾಂತದ ಐ.ಸಿ.ಎಸ್. ಅಧಿಕಾರಿ. ಸೇವೆಯ ಮೊದಲ ಹತ್ತು ವರ್ಷಗಳಲ್ಲಿ ಬಳ್ಳಾರಿ, ಕರ್ನೂಲು, ವಿಶಾಖಪಟ್ಟಣ ಜಿಲ್ಲೆಗಳ ಹಳ್ಳಿಹಳ್ಳಿಗಳನ್ನು ಕುದುರೆಯ ಮೇಲೆ ಸುತ್ತಿ ಬೇಸಾಯ, ನೀರಾವರಿ, ನೈರ್ಮಲ್ಯಗಳ ವರದಿಗಳನ್ನು ಬರೆದವರು. ತಾಯಿ ಈಥೆಲ್ ಸಾರಾ ಹುಟ್ಟಿದ್ದು ಕೊಯಮತ್ತೂರಿನ ಬಳಿಯ ಪೋದನೂರಿನಲ್ಲಿ. ಆಕೆಯ ತಂದೆ ಎಡ್ವರ್ಡ್ ಸ್ಟೋನಿ ಮದರಾಸು ರೈಲ್ವೆಯ ಮುಖ್ಯ ಎಂಜಿನಿಯರಾಗಿದ್ದರು. ಅಣ್ಣ ಜಾನ್ ಜನಿಸಿದುದು ಕೂನೂರಿನಲ್ಲಿ, 1908ರಲ್ಲಿ. ಅಲನ್ ಮಾತ್ರ ಭಾರತವನ್ನು ಕಾಣಲಿಲ್ಲ. ಇಲ್ಲಿಯ ಹವೆ ಮಕ್ಕಳಿಗೆ ಆಗಿಬರುವುದಿಲ್ಲವೆಂದು ಭಾವಿಸಿದ ತಂದೆತಾಯಿಗಳು ಇಬ್ಬರನ್ನೂ ಇಂಗ್ಲೆಂಡಿನ ಕಡಲತೀರದಲ್ಲಿ ನಿವೃತ್ತ ಕರ್ನಲ್ ಒಬ್ಬರ ಮನೆಯಲ್ಲಿ ಬಿಟ್ಟರು. ಬಳ್ಳಾರಿಯ ಹೆಸರು ಈ ಜೀವನಚರಿತ್ರೆಯಲ್ಲಿ ಬರುವುದು ಒಂದು ಸಾಲಿನಷ್ಟು. ಅದನ್ನು ಹಿಗ್ಗಿಸಿ ಹೇಳಬೇಕಾದ ಅಗತ್ಯವಿಲ್ಲ.

ಶೆರ್ಬೋರ್ನ್ ಶಾಲೆಯ ಅಧ್ಯಾಪಕರಿಗೆ ಈ ಹುಡುಗನ ಅಕ್ಷರವೂ ಹಿಡಿಸಲಿಲ್ಲ, ರೀತಿಯೂ ಹಿಡಿಸಲಿಲ್ಲ. ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜು ಅವರನ್ನು ಗುರುತಿಸಿತು. 1935ರಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲೇ, ಅಲ್ಲಿ ಫೆಲೋ ಆದರು. 1936ರಲ್ಲಿ ಗಣನೀಯ ಸಂಖ್ಯೆಗಳನ್ನು ಕುರಿತು ಬರೆದ ಪ್ರಬಂಧದಲ್ಲಿ ಅವರು ಒಂದು ಕಾಲ್ಪನಿಕ ಯಂತ್ರವನ್ನು ಕಟ್ಟಿದರು. ಉದ್ದನೆಯ ಪಟ್ಟಿಯೊಂದರ ಮೇಲೆ ಚಿಹ್ನೆಗಳನ್ನು ಓದುವುದು, ಅಳಿಸುವುದು, ಬರೆಯುವುದು ಇಷ್ಟೇ ಅದರ ಕೆಲಸ. ಆದರೂ ನಿಯಮಬದ್ಧವಾಗಿ ಲೆಕ್ಕಹಾಕಬಹುದಾದುದೆಲ್ಲವನ್ನೂ ಅದು ಲೆಕ್ಕಹಾಕಬಲ್ಲದೆಂದೂ, ಯಾವ ಯಂತ್ರವೂ ಬಿಡಿಸಲಾಗದ ಪ್ರಶ್ನೆಗಳಿವೆಯೆಂದೂ ಅವರು ತೋರಿಸಿದರು. ಇಂದಿನ ಗಣಕಯಂತ್ರದ ತಾತ್ತ್ವಿಕ ಬುನಾದಿ ಇದು. ಮುಂದೆ ಅಮೆರಿಕದ ಪ್ರಿನ್ಸ್‌ಟನ್ನಿಗೆ ಹೋಗಿ ಅಲೊಂಜೊ ಚರ್ಚ್ ಅವರ ಮಾರ್ಗದರ್ಶನದಲ್ಲಿ 1938ರಲ್ಲಿ ಡಾಕ್ಟರೇಟ್ ಪಡೆದರು. ಸಂದೇಶಗಳನ್ನು ಸಂಖ್ಯೆಗಳಾಗಿಸಿ, ಗುಣಾಕಾರದಿಂದ ಅವನ್ನು ಮರೆಮಾಚುವ ವಿದ್ಯುತ್ ಯಂತ್ರದ ಭಾಗವೊಂದನ್ನು ಅಲ್ಲಿಯೇ ತಮ್ಮ ಕೈಯಾರೆ ಕಟ್ಟಿದ್ದರು. ಯುದ್ಧದ ಕರೆ ಬರುವ ಮೊದಲೇ ಗೂಢಲಿಪಿ ಅವರ ಮನಸ್ಸನ್ನು ಹೊಕ್ಕಿತ್ತು.

ಜರ್ಮನ್ ಸೇನೆಯ ಎನಿಗ್ಮಾ ಯಂತ್ರವನ್ನು ಒಡೆದ ಕೀರ್ತಿಯನ್ನು ಟ್ಯೂರಿಂಗ್ ಒಬ್ಬರಿಗೇ ಕಟ್ಟುವುದು ರೂಢಿಯಾಗಿದೆ. ಇದು ಸರಿಯಲ್ಲ. ತಿರುಗುವ ಚಕ್ರಗಳೂ ಮುಂಭಾಗದಲ್ಲಿ ಹತ್ತು ತಂತಿಗಳ ಜೋಡಣೆಯೂ ಇದ್ದ ಆ ಯಂತ್ರವನ್ನು ಸಜ್ಜುಗೊಳಿಸಬಹುದಾದ ವಿಧಾನಗಳ ಸಂಖ್ಯೆ 159ರ ಮುಂದೆ 18 ಸೊನ್ನೆಗಳನ್ನಿಟ್ಟಷ್ಟು. ಅದರ ಒಳ ಜೋಡಣೆಯನ್ನು 1932ರ ಕೊನೆಯಲ್ಲಿಯೇ ಗಣಿತದಿಂದ ಕಂಡುಹಿಡಿದವರು ಪೋಲೆಂಡಿನ ಮರಿಯನ್ ರೆಯೆವ್‌ಸ್ಕಿ. ಅವರಿಗೆ ನೆರವಾದ ಜರ್ಮನ್ ದಾಖಲೆಗಳನ್ನು ಒದಗಿಸಿದುದು ಫ್ರೆಂಚ್ ಗುಪ್ತಚರ ವಿಭಾಗ. 1939ರ ಜುಲೈ ತಿಂಗಳಲ್ಲಿ, ಯುದ್ಧಕ್ಕೆ ಐದು ವಾರಗಳಿರುವಾಗ, ವಾರ್ಸಾ ಸಮೀಪದ ಪಿರಿ ಕಾಡಿನಲ್ಲಿ ಪೋಲಿಷರು ಬ್ರಿಟಿಷರನ್ನೂ ಫ್ರೆಂಚರನ್ನೂ ಕರೆಸಿ ತಮ್ಮ ಆರೂವರೆ ವರ್ಷಗಳ ಸಾಧನೆಯನ್ನೆಲ್ಲ ಮುಂದಿಟ್ಟರು. ಎರಡು ದೇಶಗಳಿಗೂ ಒಂದೊಂದು ಎನಿಗ್ಮಾ ಪ್ರತಿಕೃತಿಯನ್ನು ಕೊಟ್ಟರು. ಕೀಲಿಮಣೆಯ ಅಕ್ಷರಗಳು ಚಕ್ರಗಳಿಗೆ ಯಾವ ಕ್ರಮದಲ್ಲಿ ಸೇರಿಕೊಂಡಿವೆ ಎಂಬುದೇ ಅಲ್ಲಿಯವರೆಗೆ ಬ್ರಿಟಿಷರಿಗೆ ಬಗೆಹರಿಯದ ಒಗಟಾಗಿತ್ತು. ಉತ್ತರ ಬರಿಯ ಅಕಾರಾದಿ ಕ್ರಮವೆಂದು ಕೇಳಿದಾಗ ಹಿರಿಯ ಲಿಪಿಭೇದಕ ಡಿಲ್ಲಿ ನಾಕ್ಸ್ ಅವರಿಗಾದ ಮುಖಭಂಗವನ್ನು ಊಹಿಸಬಹುದು.

ಸೆಪ್ಟೆಂಬರ್ 4ರಂದು ಟ್ಯೂರಿಂಗ್ ಬ್ಲೆಚ್ಲೀ ಪಾರ್ಕ್ ಸೇರಿದರು. 1940ರ ಜನವರಿಯಲ್ಲಿ, ಬ್ರಿಟನ್ನಿನಲ್ಲಿ ಸಿದ್ಧವಾದ ರಂಧ್ರಪತ್ರಗಳನ್ನು ಹೊತ್ತು ಪ್ಯಾರಿಸ್ ಬಳಿ ನೆಲೆಸಿದ್ದ ಪೋಲಿಷ್ ಗಣಿತಜ್ಞರಲ್ಲಿಗೆ ತಾವೇ ಹೋದರು. ಯುದ್ಧ ಪ್ರಾರಂಭವಾದ ಮೇಲೆ ಎನಿಗ್ಮಾದ ಕೀಲಿ ಮೊದಲು ಬಿಚ್ಚಿಕೊಂಡದ್ದು ಅಲ್ಲಿಯೇ.

ಪೋಲಿಷರ ವಿಧಾನ ಜರ್ಮನರು ಪ್ರತಿ ಸಂದೇಶದ ಆರಂಭದಲ್ಲಿ ಮಾಡುತ್ತಿದ್ದ ಒಂದು ಪುನರುಕ್ತಿಯನ್ನು ಆಧರಿಸಿತ್ತು. ಅದು ನಿಂತರೆ ವಿಧಾನವೂ ನಿಲ್ಲುತ್ತದೆಂದು ಅರಿತ ಟ್ಯೂರಿಂಗ್ ಬೇರೆಯ ದಾರಿಯನ್ನು ಹಿಡಿದರು. ಶಾಸನಗಳನ್ನು ಓದಿದವರಿಗೆ ಈ ದಾರಿ ಅಪರಿಚಿತವಲ್ಲ. ಕಲ್ಲಿನ ಮೊದಲ ಸಾಲು ಸವೆದುಹೋಗಿದ್ದರೂ ಅಲ್ಲಿ ಸ್ವಸ್ತಿ ಎಂಬ ಪದವೋ ರಾಜನ ಬಿರುದಾವಳಿಯೋ ಇರಬೇಕೆಂದು ಶಾಸನತಜ್ಞ ಊಹಿಸಿ, ಉಳಿದ ಗೀರುಗಳನ್ನು ಆ ಊಹೆಗೆ ಹೋಲಿಸಿ ನೋಡುತ್ತಾನೆ. ಹಾಗೆಯೇ ಜರ್ಮನರ ಹವಾಮಾನ ವರದಿಗಳಲ್ಲಿ, ಅಧಿಕಾರಿಗಳ ಪದವಿನಾಮಗಳಲ್ಲಿ ಮತ್ತೆ ಮತ್ತೆ ಬರುವ ಪದಗಳನ್ನು ಊಹಿಸಿ, ಆ ಊಹೆಗೆ ವಿರೋಧ ಬರುವ ಜೋಡಣೆಗಳನ್ನೆಲ್ಲ ತಳ್ಳಿಹಾಕುವ ಯಂತ್ರವೊಂದನ್ನು ಅವರು ವಿನ್ಯಾಸಗೊಳಿಸಿದರು. ಎನಿಗ್ಮಾದಲ್ಲಿ ಯಾವ ಅಕ್ಷರವೂ ತಾನಾಗಿಯೇ ಹೊರಬರುವುದಿಲ್ಲವೆಂಬ ದೋಷ ಇದಕ್ಕೆ ಸಹಾಯಕವಾಯಿತು. ಬಾಂಬ್ ಎಂದು ಕರೆಯಲ್ಪಟ್ಟ ಈ ಯಂತ್ರದ ಮೊದಲನೆಯದು 1940ರ ಮಾರ್ಚ್‌ನಲ್ಲಿ ಬಂದಿತು. ಗಾರ್ಡನ್ ವೆಲ್ಚ್‌ಮನ್ ಸೂಚಿಸಿದ ಸುಧಾರಣೆಯಿಂದ ಅದೇ ವರ್ಷ ಅದಕ್ಕೆ ನಿಜವಾದ ಬಲ ಬಂದಿತು. ಮೇ ತಿಂಗಳಲ್ಲಿ ಜರ್ಮನರು ಪುನರುಕ್ತಿಯನ್ನು ನಿಲ್ಲಿಸಿದಾಗ ಟ್ಯೂರಿಂಗ್ ಅವರ ದೂರದೃಷ್ಟಿಯ ಬೆಲೆ ತಿಳಿಯಿತು.

1942ರ ಫೆಬ್ರವರಿಯಲ್ಲಿ ಜರ್ಮನ್ ಜಲಾಂತರ್ಗಾಮಿಗಳು ನಾಲ್ಕನೆಯ ಚಕ್ರವನ್ನು ಬಳಸತೊಡಗಿದವು. ಹತ್ತು ತಿಂಗಳ ಕಾಲ ಅಟ್ಲಾಂಟಿಕ್ ಸಾಗರದ ಸಂದೇಶಗಳು ಓದಲಾಗದೆ ಉಳಿದವು, ಹಡಗುಗಳು ಮುಳುಗಿದವು. ಅಮೆರಿಕನರು ತಾವೇ ಯಂತ್ರಗಳನ್ನು ಕಟ್ಟಲು ಹೊರಟರು. ಆ ವರ್ಷದ ನವೆಂಬರಿನಲ್ಲಿ ಟ್ಯೂರಿಂಗ್ ಅವರನ್ನು ವಾಷಿಂಗ್ಟನ್ನಿಗೆ ಕಳುಹಿಸಲಾಯಿತು. ಡೇಟನ್ ನಗರದ ಕಾರ್ಖಾನೆಗೆ ಹೋಗಿ ಅಲ್ಲಿಯ ವಿನ್ಯಾಸವನ್ನು ಪರಿಶೀಲಿಸಿ, ಮೆಚ್ಚದ ಅಂಶಗಳನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಆದರೆ ನ್ಯೂಯಾರ್ಕಿನ ಬೆಲ್ ಪ್ರಯೋಗಾಲಯದಲ್ಲಿ ಸಿದ್ಧವಾಗುತ್ತಿದ್ದ ಧ್ವನಿರಹಸ್ಯ ಯಂತ್ರವನ್ನು ಅವರಿಗೆ ತೋರಿಸಲು ಅಮೆರಿಕದ ಸೇನೆ ಮೊದಲು ಒಪ್ಪಲಿಲ್ಲ. ಮಿತ್ರರಾಷ್ಟ್ರವೇ ಆದರೂ ಗುಟ್ಟು ಗುಟ್ಟೇ. ಪತ್ರವ್ಯವಹಾರ ಸೇನಾ ಮುಖ್ಯಸ್ಥ ಜನರಲ್ ಮಾರ್ಷಲ್ ಅವರವರೆಗೆ ಹೋಗಿ, 1943ರ ಜನವರಿಯಲ್ಲಿ ಅನುಮತಿ ದೊರೆಯಿತು. ಆ ಪ್ರಯೋಗಾಲಯದಲ್ಲಿ ಅವರು ಕ್ಲಾಡ್ ಶ್ಯಾನನ್ ಅವರೊಡನೆ ಚಹಾ ಕುಡಿಯುತ್ತ ಯಂತ್ರ ಯೋಚಿಸಬಲ್ಲದೇ ಎಂಬುದನ್ನು ಚರ್ಚಿಸುತ್ತಿದ್ದರು. ಇಬ್ಬರೂ ಗೂಢಲಿಪಿಯ ಕೆಲಸದಲ್ಲಿಯೇ ಮುಳುಗಿದ್ದವರು; ಅದರ ಬಗ್ಗೆ ಮಾತ್ರ ಪರಸ್ಪರ ಒಂದು ಮಾತನ್ನೂ ಆಡುವಂತಿರಲಿಲ್ಲ.

ಸಿಗ್‌ಸಾಲಿ ಎಂಬ ಆ ಯಂತ್ರದ ತೂಕ ಐವತ್ತು ಟನ್ನಿಗೂ ಮಿಗಿಲು. ಮಾತಿನ ಧ್ವನಿಯನ್ನು ಸೆಕೆಂಡಿಗೆ ಐವತ್ತು ಬಾರಿ ಅಳೆದು, ಅಳತೆಯನ್ನು ಅಂಕಿಗಳಾಗಿಸಿ, ಪ್ರತಿ ಅಂಕಿಗೂ ಗೊತ್ತುಗುರಿಯಿಲ್ಲದ ಇನ್ನೊಂದು ಅಂಕಿಯನ್ನು ಕೂಡಿಸಿ ಕಳುಹಿಸುತ್ತಿತ್ತು. ಕೂಡಿಸಬೇಕಾದ ಅಂಕಿಗಳು ಗ್ರಾಮಫೋನ್ ತಟ್ಟೆಗಳಲ್ಲಿದ್ದವು. ಎರಡು ತುದಿಗಳಲ್ಲಿಯೂ ಒಂದೇ ಜೊತೆ ತಟ್ಟೆಗಳು, ಬಳಕೆಯ ನಂತರ ನಾಶ. ದನದ ಜಾತ್ರೆಗಳಲ್ಲಿ ದಲ್ಲಾಳಿಗಳು ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಿದ್ದ ಪದ್ಧತಿಯನ್ನು ಇದಕ್ಕೆ ಹೋಲಿಸಬಹುದು: ಸುತ್ತ ನೂರು ಜನ ನಿಂತಿದ್ದರೂ ಬೆಲೆ ತಿಳಿಯುವುದು ಇಬ್ಬರಿಗೆ. ಇಂದು ಪುಣೆಯ ಮಾರ್ಕೆಟ್ ಯಾರ್ಡಿನಂಥ ಸಗಟು ಪೇಟೆಯಲ್ಲಿ ವ್ಯಾಪಾರಿಯ ಖಾತೆಗೆ ಮೊಬೈಲಿನಿಂದ ಹಣ ಸೇರುವಾಗ ಆ ವಸ್ತ್ರದ ಕೆಲಸವನ್ನು ಗಣಿತ ಮಾಡುತ್ತದೆ. 1970ರ ದಶಕದಲ್ಲಿ ಹೊರಬಂದ ಬಹಿರಂಗ ಕೀಲಿಯ ತತ್ತ್ವದಿಂದಾಗಿ, ಎಂದೂ ಭೇಟಿಯಾಗದ ಇಬ್ಬರು ಮೊದಲೇ ತಟ್ಟೆಗಳನ್ನು ಹಂಚಿಕೊಳ್ಳದೆಯೂ ಗುಟ್ಟನ್ನು ಕಾಯಬಲ್ಲರು. ಸಿಗ್‌ಸಾಲಿಯ ಕಾಲಕ್ಕೆ ಇದು ಕನಸು. ಟ್ಯೂರಿಂಗ್ ಯಂತ್ರದ ಭದ್ರತೆಯನ್ನು ಪರೀಕ್ಷಿಸಿದರು. 1943ರ ಜುಲೈ 15ರಂದು ಲಂಡನ್ ಮತ್ತು ವಾಷಿಂಗ್ಟನ್ ನಡುವೆ ಅದು ಮಾತನಾಡಿತು. ಅದೇ ಮೇ ತಿಂಗಳಲ್ಲಿ ಎರಡು ದೇಶಗಳೂ ಗುಪ್ತಲಿಪಿ ಸಂಶೋಧನೆಯನ್ನು ಹಂಚಿಕೊಳ್ಳುವ ಒಪ್ಪಂದ ಮಾಡಿಕೊಂಡಿದ್ದವು.

ಈ ಒಪ್ಪಂದದ ಪಂಕ್ತಿಯಲ್ಲಿ ಪೋಲಿಷರಿಗೆ ಎಲೆ ಹಾಕಲಿಲ್ಲ. ಮೂವರಲ್ಲಿ ಒಬ್ಬರಾದ ರೂಝಿತ್ಸ್ಕಿ 1942ರಲ್ಲಿ ಹಡಗು ಮುಳುಗಿ ತೀರಿಕೊಂಡಿದ್ದರು. ರೆಯೆವ್‌ಸ್ಕಿ ಮತ್ತು ಝಿಗಾಲ್‌ಸ್ಕಿ ಪಿರನೀಸ್ ಪರ್ವತವನ್ನು ದಾಟಿ, ಸ್ಪೇನಿನ ಸೆರೆಮನೆಗಳನ್ನು ಕಂಡು, 1943ರಲ್ಲಿ ಬ್ರಿಟನ್ ಸೇರಿದರು. ಅವರನ್ನು ಬ್ಲೆಚ್ಲೀ ಪಾರ್ಕಿನ ಹತ್ತಿರಕ್ಕೂ ಬಿಟ್ಟುಕೊಳ್ಳದೆ ಸಾಧಾರಣ ಲಿಪಿಗಳ ಕೆಲಸಕ್ಕೆ ಹಾಕಲಾಯಿತು. ಎನಿಗ್ಮಾದ ಇತಿಹಾಸದಲ್ಲಿ ಇಷ್ಟು ಕೃತಘ್ನವಾದ ಪುಟ ಮತ್ತೊಂದಿಲ್ಲ.

ಯುದ್ಧಾನಂತರದ ಟ್ಯೂರಿಂಗ್ ಅವರ ಕೆಲಸ ಪ್ರಸಿದ್ಧವಾದುದು: 1946ರ ಗಣಕಯಂತ್ರ ಯೋಜನೆ, 1948ರಿಂದ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯ, 1950ರಲ್ಲಿ ಯಂತ್ರಬುದ್ಧಿಯನ್ನು ಕುರಿತ ಪ್ರಬಂಧ, 1951ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ. ಸರ್ಕಾರದ ಗುಪ್ತಲಿಪಿ ಇಲಾಖೆಗೆ ಸಲಹೆ ನೀಡುವುದೂ ಮುಂದುವರಿದಿತ್ತು.

1952ರ ಆರಂಭದಲ್ಲಿ ಮನೆಯಲ್ಲಿ ಕಳವಾಯಿತೆಂದು ಅವರೇ ಪೊಲೀಸರಿಗೆ ತಿಳಿಸಿದರು. ವಿಚಾರಣೆಯಲ್ಲಿ ಯುವಕನೊಬ್ಬನೊಡನೆ ತಮಗಿದ್ದ ಸಂಬಂಧವನ್ನು ಮುಚ್ಚಿಡದೆ ಹೇಳಿದರು. ಅಂದಿನ ಇಂಗ್ಲೆಂಡಿನಲ್ಲಿ ಅದು ಅಪರಾಧ. (ಬ್ರಿಟಿಷರು ಭಾರತದ ದಂಡಸಂಹಿತೆಯಲ್ಲಿ ಸೇರಿಸಿದ ಅಂಥದೇ ಕಲಮು ಸಮ್ಮತಿಯ ಸಂಬಂಧಗಳ ಮಟ್ಟಿಗೆ ಕೊನೆಗೊಂಡದ್ದು 2018ರ ಸುಪ್ರೀಂ ಕೋರ್ಟ್ ತೀರ್ಪಿನಿಂದ.) ಸೆರೆವಾಸಕ್ಕೆ ಬದಲಾಗಿ ಒಂದು ವರ್ಷ ಹಾರ್ಮೋನ್ ಚಿಕಿತ್ಸೆಗೆ ಒಳಪಡಬೇಕಾಯಿತು. ಗುಪ್ತ ಕೆಲಸಕ್ಕೆ ಅವರಿಗಿದ್ದ ಅನುಮತಿಯನ್ನು ಹಿಂತೆಗೆದುಕೊಳ್ಳಲಾಯಿತು. ಎರಡು ದೇಶಗಳ ಗುಟ್ಟುಗಳನ್ನು ಹೊತ್ತು ಸಾಗರ ದಾಟಿದ್ದ ವ್ಯಕ್ತಿ ಈಗ ನಂಬಲನರ್ಹ. 1953ರಲ್ಲಿ ನಾರ್ವೆಯ ಗೆಳೆಯನೊಬ್ಬ ಅವರನ್ನು ಕಾಣಲು ಬಂದಾಗ ಪೊಲೀಸರು ಅವನನ್ನು ಹುಡುಕಿ ಅಲೆದರು. 1954ರ ಜೂನ್ 7ರಂದು ಸಯನೈಡ್ ವಿಷದಿಂದ ಟ್ಯೂರಿಂಗ್ ಮರಣ ಹೊಂದಿದರು, ವಯಸ್ಸು ನಲವತ್ತೊಂದು. ವಿಚಾರಣಾಧಿಕಾರಿ ಆತ್ಮಹತ್ಯೆಯೆಂದು ತೀರ್ಮಾನಿಸಿದರು. ರಸಾಯನಗಳೊಡನೆ ಆಡುವಾಗ ಆದ ಆಕಸ್ಮಿಕವೆಂದು ತಾಯಿ ಕೊನೆಯವರೆಗೂ ನಂಬಿದ್ದರು.

ಬ್ರಿಟಿಷ್ ಪ್ರಧಾನಿ ಕ್ಷಮೆ ಯಾಚಿಸಿದುದು 2009ರಲ್ಲಿ. ರಾಣಿಯ ಕ್ಷಮಾದಾನ ಬಂದುದು 2013ರಲ್ಲಿ. ಪೋದನೂರಿನಲ್ಲಿ ಹುಟ್ಟಿದ ಆ ತಾಯಿ 1959ರಲ್ಲಿಯೇ ಮಗನ ಜೀವನಚರಿತ್ರೆಯನ್ನು ಬರೆದು ಪ್ರಕಟಿಸಿದ್ದರು. ಯುದ್ಧಕಾಲದ ಆರು ವರ್ಷಗಳಲ್ಲಿ ಆತ ಮಾಡಿದುದೇನೆಂಬುದು ಆ ಪುಸ್ತಕದಲ್ಲಿಲ್ಲ, ಏಕೆಂದರೆ ಮಗ ಅದನ್ನು ತಾಯಿಗೂ ಹೇಳಿರಲಿಲ್ಲ. ಬ್ಲೆಚ್ಲೀಯ ರಹಸ್ಯ ಬ್ರಿಟನ್ನಿನಲ್ಲಿ ಬಯಲಾದದ್ದು 1974ರಲ್ಲಿ. ಆಗ ಆಕೆಗೆ ತೊಂಬತ್ತು ದಾಟಿತ್ತು. ಎರಡು ವರ್ಷಗಳ ನಂತರ ತೀರಿಕೊಂಡರು.