ಸ್ಟಾರ್ ಆಟಗಾರನನ್ನೇ ಹೊರಗಿಟ್ಟ ಕೋಚ್

ಚೆನ್ನಾಗಿ ಆಡೋನಿಗೆ ಎಲ್ಲಾ ಮಾಫಿ ಅಂತೀವಲ್ಲ, ಅದನ್ನ ಒಪ್ಪದವರ ಕಥೆ ಇದು. ಪಾಲ್ ಬ್ರ್ಯಾಂಟ್ ಹುಟ್ಟಿದ್ದು 1913ರಲ್ಲಿ, ಅಮೆರಿಕದ ಅರ್ಕನ್ಸಾದ ಬಡ ರೈತರ ಮನೆಯಲ್ಲಿ. ಹುಡುಗನಾಗಿದ್ದಾಗ ಕರಡಿ ಜೊತೆ ಕುಸ್ತಿಗಿಳಿದು ಬೇರ್ ಅನ್ನೋ ಅಡ್ಡಹೆಸರು ಪಡೆದರು. ತಾವು ಓದಿ ಆಡಿದ ಅಲಬಾಮಾ ಯೂನಿವರ್ಸಿಟಿಗೇ 1958ರಲ್ಲಿ ಅಮೆರಿಕನ್ ಫುಟ್‌ಬಾಲ್ ಕೋಚ್ ಆಗಿ ಮರಳಿದರು.

1963ರ ಡಿಸೆಂಬರ್‌ನಲ್ಲಿ ಟೀಮಿನ ನಿಯಮ ಮುರಿದ ಕ್ವಾರ್ಟರ್‌ಬ್ಯಾಕ್ ಜೋ ನೇಮತ್ ಅವರನ್ನು ಸಸ್ಪೆಂಡ್ ಮಾಡಿದರು. ಉಳಿದಿದ್ದ ಎರಡು ಪಂದ್ಯಗಳಲ್ಲಿ ಒಂದು ಪ್ರತಿಷ್ಠಿತ ಶುಗರ್ ಬೌಲ್. ನೇಮತ್ ಇಲ್ಲದೆಯೂ ತಂಡ ಎರಡನ್ನೂ ಗೆದ್ದಿತು. ಆದ್ರೆ ಬ್ರ್ಯಾಂಟ್ ಬಾಗಿಲು ಮುಚ್ಚಲಿಲ್ಲ. ಮುಂದಿನ ಸೀಸನ್‌ಗೆ ನೇಮತ್ ವಾಪಸ್ ಬಂದ್ರು, 1964ರ ರಾಷ್ಟ್ರೀಯ ಚಾಂಪಿಯನ್‌ಶಿಪ್ ಅಲಬಾಮಾದ್ದಾಯ್ತು.

323 ಗೆಲುವು ಕಂಡ ಬ್ರ್ಯಾಂಟ್, ಕೊನೇ ಪಂದ್ಯ ಮುಗಿದು ತಿಂಗಳಾಗೋ ಮೊದಲೇ, 1983ರ ಜನವರಿಯಲ್ಲಿ ತೀರಿಕೊಂಡರು. ಶಿಸ್ತು ಮುರಿದ ನಮ್ಮ ಸ್ಟಾರ್‌ನ ಫೈನಲ್‌ಗೆ ಇಳಿಸಬೇಕಾ ಅಂತ ನಾವು ವಾದಕ್ಕೆ ಕೂತಾಗ ಆ ಎರಡು ಪಂದ್ಯ ನೆನಪಿರಲಿ.