ಕ್ಲೈವ್ ಸಲಿವನ್

ಕ್ಲೈವ್ ಸಲಿವನ್ (ಏಪ್ರಿಲ್ 9, 1943 – ಅಕ್ಟೋಬರ್ 8, 1985) ವೇಲ್ಸ್‌ನ ಪ್ರಸಿದ್ಧ ರಗ್ಬಿ ಲೀಗ್ ಆಟಗಾರರು. 1972ರಲ್ಲಿ ಗ್ರೇಟ್ ಬ್ರಿಟನ್ ತಂಡದ ನಾಯಕರಾದ ಇವರು, ಬ್ರಿಟನ್ನಿನ ಯಾವುದೇ ಕ್ರೀಡೆಯ ರಾಷ್ಟ್ರೀಯ ತಂಡವನ್ನು ಮುನ್ನಡೆಸಿದ ಮೊದಲ ಕಪ್ಪುವರ್ಣೀಯರು. ಇಂಗ್ಲೆಂಡಿನ ಹಿರಿಯರ ಫುಟ್‌ಬಾಲ್ ತಂಡದಲ್ಲಿ ವಿವ್ ಆ್ಯಂಡರ್ಸನ್ ಆಡಿದ್ದು 1978ರಲ್ಲಿ ಎಂಬುದನ್ನು ನೆನೆದರೆ ಈ ನಾಯಕತ್ವದ ಮಹತ್ವ ತಿಳಿಯುತ್ತದೆ.

ಬಾಲ್ಯ ಮತ್ತು ಸೈನ್ಯ

ಸಲಿವನ್ ಜನಿಸಿದ್ದು ಕಾರ್ಡಿಫ್ ನಗರದ ಸ್ಪ್ಲಾಟ್ ಬಡಾವಣೆಯಲ್ಲಿ, ಜಮೈಕಾ ಮೂಲದ ಕುಟುಂಬದಲ್ಲಿ. ಚಿಕ್ಕಂದಿನಲ್ಲಿ ಕಾಲುಗಳಿಗೆ ಹಲವು ಶಸ್ತ್ರಚಿಕಿತ್ಸೆಗಳಾದವು. ಹುಡುಗ ಎಲ್ಲರಂತೆ ನಡೆಯುವುದೇ ಸಂದೇಹವೆನಿಸಿತ್ತು. ಮುಂದೆ ಸೈನ್ಯ ಸೇರಿದಾಗ ರಗ್ಬಿ ಪಂದ್ಯವೊಂದಕ್ಕೆ ಇವರ ಹೆಸರು ಬಂದಿತು. ಹಳೆಯ ಚಿಕಿತ್ಸೆಯ ಸಂಗತಿ ಹೊರಬಿದ್ದರೆ ಸೈನ್ಯದ ಕೆಲಸ ಹೋದೀತೆಂಬ ಅಳುಕಿನಿಂದ ಒಲ್ಲೆನೆನ್ನಲಿಲ್ಲ. ಗಾಯದ ನೆಪ ಹೂಡಿ ಮೈದಾನದಿಂದ ಹೊರಬರುವ ಯೋಚನೆಯಿತ್ತೆಂದು ಹೇಳಲಾಗುತ್ತದೆ. ಆದರೆ ಚೆಂಡು ಕೈಗೆ ಬಂದೊಡನೆ ಓಡಿದರು, ಕಾಲುಗಳು ಕೈಕೊಡಲಿಲ್ಲ.

ಹಲ್ ನಗರ

ಆ ಕಾಲದಲ್ಲಿ 15 ಮಂದಿಯ ರಗ್ಬಿ ಯೂನಿಯನ್ ಹವ್ಯಾಸಿಗಳ ಆಟವಾಗಿತ್ತು. 13 ಮಂದಿಯ ರಗ್ಬಿ ಲೀಗ್‌ನಲ್ಲಿ ಆಟಗಾರರಿಗೆ ಹಣ ದೊರೆಯುತ್ತಿತ್ತು. ಲೀಗ್‌ ಕಡೆಗೆ ಹೆಜ್ಜೆಯಿಟ್ಟವರಿಗೆ ಯೂನಿಯನ್ನಿನ ಬಾಗಿಲು ಮುಚ್ಚುತ್ತಿತ್ತು. ಹೀಗಾಗಿ 1961ರಲ್ಲಿ ಹಲ್ ಎಫ್‌ಸಿ ಪರವಾಗಿ ಪರೀಕ್ಷಾರ್ಥ ಆಡಿದ ಪಂದ್ಯದಲ್ಲಿ ಸಲಿವನ್‌ರ ಹೆಸರನ್ನು ಮರೆಮಾಡಲಾಗಿತ್ತು. ಹೆಸರಿಲ್ಲದ ಆಟಗಾರ ಬ್ರಾಮ್ಲಿ ತಂಡದ ವಿರುದ್ಧ 3 ಟ್ರೈ ಗಳಿಸಿದರು. (ಎದುರಾಳಿಯ ಗೋಲುಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸುವುದಕ್ಕೆ ಟ್ರೈ ಎನ್ನುತ್ತಾರೆ.) ಕ್ಲಬ್ ತಡಮಾಡದೆ ಒಪ್ಪಂದ ಮಾಡಿಕೊಂಡಿತು.

ಹಲ್ ನಗರವನ್ನು ಅದೇ ಹೆಸರಿನ ನದಿ ಇಬ್ಭಾಗಿಸುತ್ತದೆ. ಪಶ್ಚಿಮ ದಂಡೆಯವರು ಹಲ್ ಎಫ್‌ಸಿ ಪಕ್ಷ, ಪೂರ್ವದವರು ಹಲ್ ಕಿಂಗ್‌ಸ್ಟನ್ ರೋವರ್ಸ್ ಪಕ್ಷ. ಈ ಹಗೆ ಮನೆಮನೆಗಳೊಳಗೂ ಉಂಟು. ಸಲಿವನ್ 1974ರಲ್ಲಿ ರೋವರ್ಸ್‌ಗೆ ಸೇರಿದರೂ ಹಳೆಯ ಅಭಿಮಾನಿಗಳು ಅವರನ್ನು ದೂರಮಾಡಲಿಲ್ಲ. ಇದು ಅಪರೂಪದ ಸಂಗತಿ. ಹಲ್ ಎಫ್‌ಸಿಗೆ 250, ರೋವರ್ಸ್‌ಗೆ 118 ಟ್ರೈಗಳನ್ನು ಅವರು ಗಳಿಸಿಕೊಟ್ಟರು. 1980ರಲ್ಲಿ ವೆಂಬ್ಲಿಯಲ್ಲಿ ಈ ಎರಡೇ ತಂಡಗಳು ಚಾಲೆಂಜ್ ಕಪ್ ಅಂತಿಮ ಪಂದ್ಯದಲ್ಲಿ ಎದುರಾದಾಗ, 37ರ ಹರೆಯದ ಸಲಿವನ್ ಆಡಿದ ರೋವರ್ಸ್ ತಂಡ 10–5ರಿಂದ ಗೆದ್ದಿತು.

1972ರ ವಿಶ್ವಕಪ್

ಫ್ರಾನ್ಸಿನ ಲಿಯೋನ್ ನಗರದಲ್ಲಿ ನವೆಂಬರ್ 11ರಂದು ನಡೆದ ಅಂತಿಮ ಪಂದ್ಯದಲ್ಲಿ ಎದುರಾಳಿ ಆಸ್ಟ್ರೇಲಿಯಾ. ಸಲಿವನ್ ಬಹುಪಾಲು ಮೈದಾನದುದ್ದಕ್ಕೂ ಓಡಿ ಗಳಿಸಿದ ಟ್ರೈ ಇಂದಿಗೂ ಪ್ರಸಿದ್ಧ. ಹೆಚ್ಚುವರಿ ಸಮಯದ ಬಳಿಕವೂ ಅಂಕಗಳು 10–10 ಆಗಿಯೇ ಉಳಿದವು. ಹಿಂದಿನ ಸುತ್ತಿನ ಸಾಧನೆಯ ಆಧಾರದಲ್ಲಿ ಕಪ್ ಬ್ರಿಟನ್ನಿಗೆ ಸಂದಿತು. ಇಷ್ಟು ದೊಡ್ಡ ಗೆಲುವನ್ನು ಕಣ್ಣಾರೆ ಕಂಡವರು ಮಾತ್ರ ಕೆಲವೇ ಸಾವಿರ ಮಂದಿ.

ಕೊನೆಯ ವರ್ಷಗಳು

1974ರಲ್ಲಿ ಎಂಬಿಇ ಗೌರವ ಪಡೆದ ಸಲಿವನ್ ಕ್ಯಾನ್ಸರ್‌ನಿಂದ ಮರಣಹೊಂದಿದಾಗ ಕೇವಲ 42 ವರ್ಷದವರು. ಹಂಬರ್ ಸೇತುವೆಯ ಕಡೆಯಿಂದ ಹಲ್ ನಗರವನ್ನು ಪ್ರವೇಶಿಸುವ ಹೆದ್ದಾರಿಗೆ ಅವರ ಹೆಸರಿಡಲಾಗಿದೆ. ಪಂದ್ಯದ ದಿನಗಳಲ್ಲಿ ಎರಡೂ ಪಕ್ಷದವರು ಅದೇ ರಸ್ತೆಯಲ್ಲಿ ಊರಿಗೆ ಮರಳುತ್ತಾರೆ.