ಜನರಲ್ ಡಿಗಾಲರ ಮನೆ

ಮಹಾಪುರುಷರ ಜೀವನಚರಿತ್ರೆಗಳಲ್ಲಿ ನಾವು ಸಾಮಾನ್ಯವಾಗಿ ಯುದ್ಧ, ರಾಜ್ಯಭಾರಗಳ ಸಂಗತಿಗಳನ್ನೇ ಹುಡುಕುತ್ತೇವೆ. ಫ್ರಾನ್ಸಿನ ಜನರಲ್ ಚಾರ್ಲ್ಸ್ ಡಿಗಾಲರ ಚರಿತ್ರೆಯಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಅವರ ಮನೆ.

ಡಿಗಾಲರು 1890ರ ನವೆಂಬರ್ 22ರಂದು ಉತ್ತರ ಫ್ರಾನ್ಸಿನ ಲೀಲ್ ಪಟ್ಟಣದಲ್ಲಿ ಜನಿಸಿದರು. ಮೊದಲನೆಯ ಮಹಾಯುದ್ಧದಲ್ಲಿ ಗಾಯಗೊಂಡು, 1916ರಲ್ಲಿ ವರ್ಡನ್ ರಣರಂಗದಲ್ಲಿ ಸೆರೆಸಿಕ್ಕಿ, ಯುದ್ಧ ಮುಗಿಯುವವರೆಗೂ ಜರ್ಮನರ ಬಂದಿಯಾಗಿದ್ದರು. 1921ರಲ್ಲಿ ಇವಾನ್ ಎಂಬಾಕೆಯನ್ನು ವಿವಾಹವಾದರು. ಫಿಲಿಪ್, ಎಲಿಜಬೆತ್ ಎಂಬ ಇಬ್ಬರು ಮಕ್ಕಳಾದ ಮೇಲೆ, 1928ರ ಜನವರಿ 1ರಂದು, ಆನ್ ಎಂಬ ಮೂರನೆಯ ಮಗು ಹುಟ್ಟಿತು. ಅದಕ್ಕೆ ಡೌನ್ ಸಿಂಡ್ರೋಮ್ ಇತ್ತು. ಮಾತು ಕೆಲವೇ, ನಡೆಯಲೂ ಉಣ್ಣಲೂ ಪರರ ನೆರವು ಬೇಕು.

ಆ ಕಾಲದ ಯೂರೋಪಿನಲ್ಲಿ ಗೌರವಸ್ಥ ಕುಟುಂಬಗಳು ಇಂಥ ಮಗುವನ್ನು ದೂರದ ಆಶ್ರಮಕ್ಕೋ ಆಸ್ಪತ್ರೆಗೋ ಒಪ್ಪಿಸಿ, ಅದರ ಹೆಸರನ್ನೇ ಎತ್ತದೆ ಇದ್ದುಬಿಡುವುದು ಅಪರೂಪವಾಗಿರಲಿಲ್ಲ. ತಂದೆಯ ಕುಡಿತ, ವಂಶದ ದೋಷ ಇವುಗಳಿಂದಲೇ ಹೀಗಾಯಿತೆಂದು ಲೋಕ ಆಡಿಕೊಳ್ಳುತ್ತಿತ್ತು. ಆದ್ದರಿಂದ ಹೆತ್ತವರನ್ನು ಕಾಡುತ್ತಿದ್ದುದು ದುಃಖಕ್ಕಿಂತ ನಾಚಿಕೆ. ಇದು ಪರದೇಶದ ಮಾತು ಮಾತ್ರವೆಂದು ನಾವು ತಿಳಿಯಬೇಕಾಗಿಲ್ಲ. ನೆಂಟರು ಬರುವ ದಿನ ಇಂಥ ಮಗುವನ್ನು ಒಳಕೋಣೆಯಲ್ಲಿ ಕೂರಿಸಿ ಬಾಗಿಲು ಮುಂದೆ ಮಾಡುವ ಮನೆಗಳನ್ನು ನಾನೂ ಕಂಡಿದ್ದೇನೆ. ಆಶ್ರಮಕ್ಕೆ ಕಳುಹಿಸದಿದ್ದರೇನಂತೆ, ಮನೆಯೊಳಗೇ ಒಂದು ಆಶ್ರಮವನ್ನು ಕಟ್ಟಿದಂತಾಯಿತು.

ಡಿಗಾಲ್ ದಂಪತಿಗಳು ಈ ಎರಡನ್ನೂ ಮಾಡಲಿಲ್ಲ. 1929ರಲ್ಲಿ ಬೇರೂತಿಗೆ ವರ್ಗವಾದಾಗ ಆನ್ ಕೂಡ ಜೊತೆಗೆ ಹೋದಳು. 1934ರಲ್ಲಿ ಕೊಲಂಬೆ ಎಂಬ ಹಳ್ಳಿಯಲ್ಲಿ ಮನೆ ಕೊಂಡದ್ದಕ್ಕೆ ಆಕೆಗೆ ನೆಮ್ಮದಿಯ ಸ್ಥಳ ಬೇಕೆಂಬುದೂ ಒಂದು ಕಾರಣ. ಹೊರಗಿನವರಿಗೆ ಬಿಗುಮಾನದ ಮನುಷ್ಯನಾಗಿ ಕಾಣುತ್ತಿದ್ದ ಆ ಎತ್ತರದ ಸೈನಿಕ ಮಗಳ ಮುಂದೆ ಹಾಡುತ್ತಿದ್ದರು, ಕುಣಿಯುತ್ತಿದ್ದರು. 1940ರ ಜೂನ್‌ನಲ್ಲಿ ಫ್ರಾನ್ಸ್ ಜರ್ಮನರ ವಶವಾಗುತ್ತಿದ್ದಾಗ ಡಿಗಾಲರು ಲಂಡನ್ ಸೇರಿ, 18ರಂದು ರೇಡಿಯೋ ಮೂಲಕ ಪ್ರತಿಭಟನೆಯ ಕರೆಯಿತ್ತರು. ಅದೇ ದಿನಗಳಲ್ಲಿ ಇವಾನ್ ಅವರು ಮೂವರು ಮಕ್ಕಳೊಡನೆ ಬ್ರೆಸ್ಟ್ ಬಂದರಿನಿಂದ ಹಡಗು ಹತ್ತಿದರು. ಅಂಥ ಓಟದಲ್ಲಿಯೂ ಆನ್‌ಳನ್ನು ಹಿಂದೆ ಬಿಡಲಿಲ್ಲ. ಆ ಯುದ್ಧದ ವರ್ಷಗಳಲ್ಲಿ ಫ್ರಾನ್ಸಿನ ಮಾನಸಿಕ ಆಸ್ಪತ್ರೆಗಳಲ್ಲಿ ಹಸಿವು, ಚಳಿ, ರೋಗಗಳಿಂದ 40,000ಕ್ಕೂ ಹೆಚ್ಚು ಜನ ಸತ್ತರೆಂಬುದನ್ನು ನೆನೆದರೆ, ಆ ನಿರ್ಧಾರದ ಬೆಲೆ ತಿಳಿಯುತ್ತದೆ.

ಆದರೂ ಆ ತಂದೆತಾಯಿಗಳನ್ನು ಒಂದು ಚಿಂತೆ ಬಿಡಲಿಲ್ಲ: ತಮ್ಮ ಕಾಲಾನಂತರ ಈ ಮಗಳಿಗೆ ಯಾರು? 1945ರಲ್ಲಿ ಅವರು ಆನ್‌ಳ ಹೆಸರಿನಲ್ಲಿ ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿ, ಪ್ಯಾರಿಸಿನ ಬಳಿಯ ವೆರ್‌ಕೋರ್ ಎಂಬ ಬಂಗಲೆಯಲ್ಲಿ ಬಡ ಬುದ್ಧಿಮಾಂದ್ಯ ಹೆಣ್ಣುಮಕ್ಕಳಿಗೆ ನೆಲೆ ಕಲ್ಪಿಸಿದರು. ಡಿಗಾಲರು ತಮ್ಮ ಯುದ್ಧಸ್ಮರಣೆಗಳ ಗ್ರಂಥದಿಂದ ಬಂದ ಗೌರವಧನವನ್ನು ಅದಕ್ಕೆ ಕೊಟ್ಟರು. ಆಶ್ರಮವನ್ನು ಒಲ್ಲದವರು ತಾವೇ ಆಶ್ರಮ ಕಟ್ಟಿದರಲ್ಲ ಎಂದು ಕೆಲವರು ಕೇಳಬಹುದು. ನನಗೆ ಇದರಲ್ಲಿ ವಿರೋಧ ಕಾಣುವುದಿಲ್ಲ. ಮಗುವನ್ನು ಮರೆಯುವುದಕ್ಕಾಗಿ ಕಟ್ಟಿದ ಮನೆ ಬೇರೆ, ಮರೆಯಲಾರದೆ ಕಟ್ಟಿದ ಮನೆ ಬೇರೆ.

1948ರ ಫೆಬ್ರವರಿ 6ರಂದು, ಇಪ್ಪತ್ತನೆಯ ವಯಸ್ಸಿನಲ್ಲಿ, ಆನ್ ಶ್ವಾಸಕೋಶದ ರೋಗದಿಂದ ತೀರಿಕೊಂಡಳು. 1959ರ ಜನವರಿಯಲ್ಲಿ ಡಿಗಾಲರು ಫ್ರಾನ್ಸಿನ ಅಧ್ಯಕ್ಷಪದವಿಯನ್ನು ವಹಿಸಿಕೊಂಡರು. ಅದೇ ತಿಂಗಳು ಪ್ಯಾರಿಸಿನಲ್ಲಿ ಲೆಜ್ಯೂನ್, ಗೋತಿಯೆ, ಟ್ಯುರ್ಪಾಂ ಎಂಬ ವಿಜ್ಞಾನಿಗಳು, ಈ ಸ್ಥಿತಿಯಿರುವ ಮಕ್ಕಳ ಜೀವಕೋಶದಲ್ಲಿ 46ರ ಬದಲು 47 ವರ್ಣತಂತುಗಳಿರುತ್ತವೆಂದು ಪ್ರಕಟಿಸಿದರು. ಕುಡಿತದ ಮಾತು, ಕೆಟ್ಟ ವಂಶದ ಮಾತು ಆಧಾರವಿಲ್ಲದವೆಂದು ಆಗ ಸ್ಪಷ್ಟವಾಯಿತು. ಡಿಗಾಲರ ಮನೆಯಾದರೋ ವಿಜ್ಞಾನದ ಅಪ್ಪಣೆಗಾಗಿ ಮೂವತ್ತೊಂದು ವರ್ಷ ಕಾದು ಕುಳಿತಿರಲಿಲ್ಲ.

1970ರ ನವೆಂಬರ್ 9ರಂದು ಡಿಗಾಲರು ನಿಧನರಾದರು. ಮಹಾಪುರುಷರಿಗೆ ಮೀಸಲಾದ ಪ್ಯಾರಿಸಿನ ಭವ್ಯ ಸಮಾಧಿಗಳು ಅವರಿಗೆ ಬೇಕಿರಲಿಲ್ಲ. 1952ರಲ್ಲೇ ಬರೆದಿಟ್ಟ ಇಚ್ಛೆಯಂತೆ, ಕೊಲಂಬೆಯ ಹಳ್ಳಿಯ ಸ್ಮಶಾನದಲ್ಲಿ ಆನ್‌ಳ ಪಕ್ಕದಲ್ಲಿಯೇ ಅವರನ್ನು ಮಣ್ಣು ಮಾಡಿದರು. ದೇಶವನ್ನು ಗೆದ್ದುಕೊಟ್ಟವರು ಇತಿಹಾಸದಲ್ಲಿ ಹಲವರಿದ್ದಾರೆ. ನಾಚಿಕೆಯನ್ನು ಗೆದ್ದು ಮಗುವನ್ನು ಪಡಸಾಲೆಯಲ್ಲಿ ಕೂರಿಸಿಕೊಂಡ ತಂದೆತಾಯಿಗಳು ನಮ್ಮ ಬೀದಿಗಳಲ್ಲಿಯೂ ಇದ್ದಾರೆ. ಅವರ ಮನೆಗೆ ಹೋದಾಗ ಆ ಮಗುವಿನ ಹೆಸರನ್ನು ಕೇಳಿ ಮಾತನಾಡಿಸುವಷ್ಟು ದೊಡ್ಡತನವಾದರೂ ವಿದ್ಯಾವಂತರಾದ ನಮ್ಮಲ್ಲಿ ಇರಬೇಕು.